ಹಗ್ಗ ಹಿಡಿದವನು

ಅಪ್ಪ ಇಬ್ಬರು ಮಕ್ಕಳಿಗೂ ಸೇರಿ ಬಿಟ್ಟುಹೋಗಿದ್ದ ಲೇತ್ ಮಷೀನನ್ನು, ಊರಿಂದ ತಮ್ಮ ಬರುವುದರೊಳಗೆ ತನ್ನ ಮಾವನ ಮನೆಯ ನೆಲಮಾಳಿಗೆಗೆ ಸೇರಿಸಿಬಿಡಬೇಕೆಂದು ಅಣ್ಣ ಹಟ ಹಿಡಿದಿದ್ದ. ಹಮಾಲರು ಮೇಲಿನ ಕಂಬಕ್ಕೆ ಹಗ್ಗ ಸುತ್ತಿ ಮಷೀನನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದರೆ, ಅವನು ಕೆಳಗೆ ನಿಂತು ದಾರಿ ತೋರಿಸುತ್ತಿದ್ದ. ತಿರುವಿನಲ್ಲಿ ಅದು ಸರ್ರನೆ ಜಾರಿ, ಅವನನ್ನು ಗೋಡೆಗೆ ಒತ್ತಿ ನಿಂತಿತು. ಹೊಟ್ಟೆಗೆ ಕಬ್ಬಿಣ, ಬೆನ್ನಿಗೆ ಕಲ್ಲು. ಮೇಲಿದ್ದವರು ಯಾರೂ ಕಾಣುತ್ತಿರಲಿಲ್ಲ.

“ಹಗ್ಗ ಬಿಟ್ಟೀರ್ರೋ, ಅಪ್ಪಚ್ಚಿ ಆಗ್ಹೋಗ್ತೀನಿ!”

“ಗಾಬರಿ ಬೇಡಿ ಯಜಮಾನ್ರೇ. ಕಂಬಕ್ಕೆ ಸುತ್ತಿರೋದ್ರಿಂದ ಒಬ್ಬರು ಹಿಡಿದ್ರೂ ನಿಲ್ತದೆ. ಇಲ್ಲಿ ಯಾರೋ ಬಂದವ್ರೆ, ಅವರ ಕೈಗೆ ಕೊಟ್ಟು ನಾವು ಹಾರೆ ತರ್ತೀವಿ.”

ಹಮಾಲರ ಹೆಜ್ಜೆ ಸದ್ದು ದೂರವಾಯಿತು. ಭಯಕ್ಕೆ ಅಣ್ಣನ ಬಾಯಿ ಸುಮ್ಮನಿರಲಿಲ್ಲ.

“ಯಾರಪ್ಪಾ ಪುಣ್ಯಾತ್ಮ, ಗಟ್ಟಿಯಾಗಿ ಹಿಡ್ಕೊ. ನನ್ ತಮ್ಮ ಬರೋಕ್ ಮುಂಚೆ ಇದು ಕೆಳಗಿಳೀಬೇಕು. ಕೇಳಿದ್ರೆ ಗುಜರಿಗೆ ಮಾರ್ಬಿಟ್ಟೆ ಅಂತೀನಿ.”

ಮೇಲೆ ಕಂಬದ ಸುತ್ತ ಹಗ್ಗ ಕಿರುಗುಟ್ಟಿತು.

“ಎಷ್ಟಕ್ಕೆ ಮಾರ್ದೆ, ಅಣ್ಣಾ?”