ನಾಲ್ಕನೆಯ ಗುಂಡಿ

ಶಿವರಾತ್ರಿಗೆ ಇನ್ನೊಂದು ವಾರವಿತ್ತು. ಸಗರದ ಕಣಗಳಲ್ಲಿ ಬಿಳಿಜೋಳದ ರಾಶಿ ನಡೆದಿತ್ತು. ಹೊಸ ಜೋಳ ತುಂಬುವ ಮೊದಲು ಕೊಟ್ಟಿಗೆಯ ನೆಲದಡಿ ಕಾಳು ತುಂಬಲು ತೋಡಿದ ಹಗೇವು ತೆಗೆದು ಹಸನು ಮಾಡಬೇಕೆಂದು ಗೌಡರು ತಾಯಪ್ಪನಿಗೆ ಹೇಳಿಕಳಿಸಿದ್ದರು. ಹಗೇವಿಗೆ ಇಳಿಯುವ ಕೆಲಸ ತಲೆತಲಾಂತರದಿಂದ ಅವನ ಮನೆಯವರದೇ. ನಸುಕಿನಲ್ಲಿ ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಿಟ್ಟಿದ್ದ. ಈಗ ಹೆಂಡತಿ ದೇವಕಮ್ಮ ಹಗ್ಗಕ್ಕೆ ಕಟ್ಟಿದ ದೀಪವನ್ನು ಮೆಲ್ಲಗೆ ಇಳಿಬಿಟ್ಟಳು. ಒಂದಾಳಿನಷ್ಟು ಕೆಳಗೆ ಹೋದದ್ದೇ ದೀಪ ಆರಿತು.

“ಇನ್ನೂ ತಡೀಬೇಕು,” ಎಂದ ತಾಯಪ್ಪ.

“ನಿನಗೇನು, ತಡದಷ್ಟೂ ಚಲೋನ.” ದೇವಕಮ್ಮ ಬಾಗಿಲ ಕಡೆ ಕಣ್ಣು ಹೊರಳಿಸಿ ದನಿ ತಗ್ಗಿಸಿದಳು. “ಐದು ತಿಂಗಳು ತಡದಿ. ಇವತ್ತರ ಬಾಯಿ ಬಿಡ್ತೀಯೋ, ಇಲ್ಲೋ?”

ಬಾಗಿಲಲ್ಲಿ ಫಕೀರಸಾಬ ಕೂತಿದ್ದ. ರುಮಾಲಿನ ಚುಂಗಿನಿಂದ ಬಾಯಿ ಮುಚ್ಚಿಕೊಂಡಿದ್ದ. ಊರು ಬಿಟ್ಟು ಸುರಪುರದ ತಂಗಿಯ ಮನೆ ಸೇರಿದ ಮೇಲೆ ಅವನು ಇಲ್ಲಿಗೆ ಮರಳಿದ್ದು ಇದೇ ಮೊದಲು. “ಅಷ್ಟು ಅವಸರ ಇದ್ರ ದೀಪದ ಬದ್ಲಿ ಗಂಡನ್ನ ಇಳಸಬೇ, ಆರ್ತಾನೋ ಇಲ್ಲೋ ಗೊತ್ತಾಗ್ತದ,” ಎಂದ. ಅವನು ಕೇಳಿಸಿಕೊಂಡದ್ದೆಷ್ಟೋ ತಾಯಪ್ಪನಿಗೆ ತಿಳಿಯಲಿಲ್ಲ. ನಗಲೂ ಆಗಲಿಲ್ಲ.

ಹೈದರಾಬಾದಿನ ಪಲ್ಟನ್ನಿನ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷ ಊದಿ, ಬಿಡುವಾಗ ಬೇರೇನೂ ಬೇಡವೆಂದು ತಾನು ಊದಿದ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ಬಾಜಾವನ್ನೇ ಕೇಳಿ ತಂದವನು ಫಕೀರಸಾಬ. ಮದುವೆ ಬ್ಯಾಂಡಿನವಕ್ಕೆ ಮೂರು ಗುಂಡಿ, ಇದಕ್ಕೆ ನಾಲ್ಕು. ನಾಲ್ಕನೆಯದನ್ನು ಒತ್ತಿದರೆ ಉಸಿರು ಹಿಂದಿರುಗಿ, ಮೂರು ಗುಂಡಿಗಳ ಬೆನ್ನಿಗಿರುವ ಪುಟ್ಟ ಕೊಳವೆಗಳನ್ನು ಇನ್ನೊಂದು ಸುತ್ತು ಹಾಯ್ದು ಹೋಗುತ್ತದೆ. ಉಳಿದ ಬಾಜಾಗಳು ತಪ್ಪುವ ತಳದ ಸ್ವರಗಳಲ್ಲಿ ಇದು ತಪ್ಪುವುದಿಲ್ಲ. ನಿಜಾಮನ ಸೀಮೆಯಲ್ಲೆಲ್ಲ ಇಂಥವು ಎರಡೇ ಎನ್ನುತ್ತಿದ್ದ. ಶಹಾಪುರದ ಬ್ಯಾಂಡಿನಲ್ಲಿ ಮೂರು ಗುಂಡಿಯದನ್ನು ಊದುತ್ತಿದ್ದ ತಾಯಪ್ಪ, ಅದನ್ನು ನೋಡಲೆಂದೇ ಅವನ ಮನೆಗೆ ಹೋಗಿ ಹೋಗಿ ಶಿಷ್ಯನಾಗಿದ್ದ.

ಭಾದ್ರಪದದಲ್ಲಿ ನಿಜಾಮನ ಸರಕಾರ ಬಿದ್ದ ವಾರ, ಅವನ ಕಡೆಯವರನ್ನು ಹುಡುಕುತ್ತ ಬಡಿಗೆ ಹಿಡಿದ ಗುಂಪುಗಳು ಊರೂರು ತಿರುಗಿದವು. ಫಕೀರಸಾಬ ಟ್ಯೂಬಾವನ್ನು ಶಿಷ್ಯನ ಕೈಗಿಟ್ಟು ಕುರುಬರ ಅಮೋಘಸಿದ್ದನ ಕುರಿಹಟ್ಟಿಯಲ್ಲಿ ಅಡಗಿದ. ತಾಯಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿ ಈ ಖಾಲಿ ಹಗೇವಿಗೆ ಇಳಿಸಿದ. ತಾನಲ್ಲದೆ ಇಲ್ಲಿಗೆ ಇಳಿಯುವವರು ಯಾರೂ ಇರಲಿಲ್ಲ. ಆದರೆ ಮರುದಿನ ಗುಂಪು ಕೊಟ್ಟಿಗೆಗೇ ಬಂತು. ಒಳಗೆ ಬಂದೂಕುಗಳಿವೆಯೆಂದು ಒಬ್ಬ ಚಪ್ಪಡಿಯ ಸಂದಿಗೆ ಹಾರೆ ತೂರಿಸಿದ. ಪಲ್ಟನ್ನಿನ ಬಾಜಾ ಎಂದು ತಿಳಿದರೆ ಅಲ್ಲೇ ಕುಟ್ಟಿ ಚೂರು ಮಾಡುತ್ತಿದ್ದರು. “ಇಲ್ಲೇನಿಲ್ರೀ, ಆ ಪಲ್ಟನ್ನಿನಾವ ಕುರಿಹಟ್ಟ್ಯಾಗ ಅದಾನ,” ಎಂಬ ಮಾತು ತಾಯಪ್ಪನ ಬಾಯಿಂದ ಬಿತ್ತು. ಹಾರೆ ಬಿಟ್ಟು ಎಲ್ಲರೂ ಅತ್ತ ಓಡಿದರು. ಆ ಗಳಿಗೆಯಲ್ಲಿ ತಾನು ಏನೆಂದುಕೊಂಡಿದ್ದೆ ಎಂಬುದು ತಾಯಪ್ಪನಿಗೆ ಇಂದಿಗೂ ನೆನಪಿಲ್ಲ. ಹಟ್ಟಿಯ ಕಡೆಯಿಂದ ಕೂಗು ಕೇಳಿದಾಗ ಇದೇ ಚಪ್ಪಡಿಯ ಮೇಲೆ ಕೂತಿದ್ದನೆಂಬುದಷ್ಟೇ ನೆನಪು.

ಮಧ್ಯಾಹ್ನ ದೀಪ ತಳ ಮುಟ್ಟಿಯೂ ಉರಿಯಿತು. ತಾಯಪ್ಪ ಇಳಿದು ಕಂಬಳಿಯ ಗಂಟಿಗೆ ಹಗ್ಗ ಬಿಗಿದ. ಮೇಲಿನಿಂದ ಇಬ್ಬರೂ ಜಗ್ಗಿದರು. ಅವನು ಹತ್ತಿ ಬರುವಷ್ಟರಲ್ಲಿ ಫಕೀರಸಾಬ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆನ್ನಿನ ಪುಟ್ಟ ಕೊಳವೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ಗುಂಡಿಗಳಿಗೆ ಕುಸುಬಿ ಎಣ್ಣೆ ಬಿಟ್ಟು ಮೆಲ್ಲಗೆ ಆಡಿಸಿದ. ನಾಲ್ಕೂ ಇಳಿದು ಎದ್ದವು.

“ಒಂದ್ ಸಲ ಊದ್ರಿ, ಉಸ್ತಾದ.”

ಫಕೀರಸಾಬ ರುಮಾಲಿನ ಚುಂಗು ಸರಿಸಿದ. ಮುಂದಿನ ನಾಲ್ಕು ಹಲ್ಲು ಇರಲಿಲ್ಲ. ಮೇಲ್ತುಟಿ ಸೀಳಿ ಸೊಟ್ಟಗೆ ಕೂಡಿಕೊಂಡಿತ್ತು. ಆ ತುಟಿಯನ್ನೇ ಹಚ್ಚಿ, ನಾಲ್ಕನೆಯ ಗುಂಡಿ ಒತ್ತಿ ಊದಿದ. ಸ್ವರ ಹುಟ್ಟಲಿಲ್ಲ. ಬರೀ ಉಸಿರು ಹಿತ್ತಾಳೆಯ ಅಷ್ಟೂ ಸುತ್ತು ತಿರುಗಿ ಬಾಜಾದ ಅಗಲ ಬಾಯಿಂದ ಹೊರಬಂತು. ಮೇಲೆತ್ತಿ ಎದುರಿಗಿಟ್ಟಿದ್ದ ದೀಪ ಬಾಗಿ, ಮತ್ತೆ ನೆಟ್ಟಗಾಯಿತು.

“ಕೊಳವಿ ಸಾಫ್ ಅದಾವು. ಚಲೋ ಜ್ವಾಪಾನ ಮಾಡಿದಿ, ಮಗನ.”

ದೇವಕಮ್ಮ ಕಸಬರಿಗೆ ಎತ್ತಿಕೊಂಡು, ಗುಡಿಸಿದ್ದ ನೆಲವನ್ನೇ ಬರಬರ ಗುಡಿಸತೊಡಗಿದಳು.

“ಉಸ್ತಾದ,” ಎಂದ ತಾಯಪ್ಪ, “ಅವತ್ತ ಹಟ್ಟಿ ತೋರಿಸಿದಾವ ನಾನ.”

ಒರೆಸುತ್ತಿದ್ದ ಕೈ ನಿಲ್ಲಲಿಲ್ಲ. “ಗೊತ್ತದ. ನಿನ್ನ ಶಿಷ್ಯಾನ ಹೇಳ್ಯಾನ ನೋಡು ಅಂತ ನಕ್ಕೋತ ಹೊಡದ್ರು.”

“ಗೊತ್ತಿದ್ದೂ ಬಂದ್ರಿ?”

“ಇದು ಉಳದದೋ ಇಲ್ಲೋ ನೋಡಾಕ ಬಂದೆ. ಇದೂ ಹೋಗಿತ್ತಂದ್ರ ನನ್ನ ಹಲ್ಲು ಪುಕ್ಕಟ ಹೋದಂಗ ಆಗ್ತಿತ್ತು.” ಟ್ಯೂಬಾವನ್ನು ಎತ್ತಿ ತಾಯಪ್ಪನ ತೊಡೆಗೆ ಇಳಿಸಿದ. “ಇನ್ನ ಇದು ನಿಂದು. ನಾಕನೇದು ಒತ್ತು. ಊದು.”

ತಾಯಪ್ಪ ಗುಂಡಿ ಒತ್ತಿದ. ಎದೆ ತುಂಬ ಉಸಿರು ಎಳೆದುಕೊಂಡು ತುಟಿ ಹಚ್ಚಿದ. ದೇವಕಮ್ಮ ಗುಡಿಸುವುದು ಬಿಟ್ಟು ದೀಪದ ಕಡೆ ನೋಡಿದಳು.

ಎಳೆದುಕೊಂಡ ಉಸಿರು ಕೊಳವೆಗೆ ಇಳಿಯಲಿಲ್ಲ. ದೀಪ ನೆಟ್ಟಗೆ ಉರಿಯುತ್ತಲೇ ಇತ್ತು.