ಭೂಮಿಯ ಅಂಕಿ

ಚಂದ್ರನ ಮೇಲಿನ ಆ ಊರಿನಲ್ಲಿ ಇಟ್ಟಿಗೆಗೆ ಅಗೆಯುವ ಮುನ್ನ ಆ ಜಾಗದ ಚಿಟಿಕೆ ಮಣ್ಣು ಕಸ್ತೂರಿಯ ಯಂತ್ರಕ್ಕೆ ಬರುತ್ತಿತ್ತು. ಮಣ್ಣಿನಲ್ಲಿರುವ ಇಂಗಾಲದ ಐಸೊಟೋಪುಗಳನ್ನು, ಅಂದರೆ ಹಗುರ ಮತ್ತು ಭಾರದ ಇಂಗಾಲದ ಪ್ರಮಾಣವನ್ನು, ಅಳೆಯುವುದು ಅವಳ ಕೆಲಸ. ಅಂಕಿ ಚಂದ್ರನದಾದರೆ ಅಗೆಯಬಹುದು. ಭೂಮಿಯದಾದರೆ ಅಲ್ಲಿ ಭೂಮಿಯಿಂದ ಬಂದ ಮನುಷ್ಯರು ಹೂತುಹೋಗಿದ್ದಾರೆಂದು ಅರ್ಥ. ಹನ್ನೊಂದು ವರ್ಷದ ಹಿಂದೆ ಅಗೆಯುವ ಗುಂಡಿ ಕುಸಿದಾಗ ಸಿಗದೆ ಉಳಿದವನು ಈರಣ್ಣ ಒಬ್ಬನೇ.

ಅವನ ತಾಯಿ ನೀಲವ್ವ ಪ್ರತಿ ಸೋಮವಾರ ಬಾಗಿಲಿಗೆ ಬಂದು, "ಇವತ್ತೂ ಚಂದ್ರಂದಽ ಏನವಾ?" ಎನ್ನುತ್ತಿದ್ದಳು. ಹೌದೆಂದರೆ ಸಮಾಧಾನದಿಂದ ಮರಳುತ್ತಿದ್ದಳು. ಸಿಗದ ಮಗ ಅವಳ ಪಾಲಿಗೆ ಇನ್ನೂ ಸತ್ತಿರಲಿಲ್ಲ.

ಈ ಸೋಮವಾರ ಯಂತ್ರ ಭೂಮಿಯ ಅಂಕಿ ತೋರಿಸಿತು. ಕಸ್ತೂರಿ ಮೂರು ಸಲ ಅಳೆದು ನೋಡಿದಳು. ಸುಳ್ಳು ಹೇಳಿಬಿಡಲೇ ಎನಿಸಿತು. ಹೇಳಿದರೆ ಸಂಜೆಯೊಳಗೆ ಆ ಮಣ್ಣು ಈರಣ್ಣನ ಸಮೇತ ಇಟ್ಟಿಗೆಯಾಗುತ್ತಿತ್ತು.

"ನೀಲವ್ವ, ಸ್ವಲ್ಪ ಕುಂದರ್ರಿ," ಎಂದಳು ಕಸ್ತೂರಿ, ಬಾಗಿಲಿಗೆ ಬಂದವಳಿಗೆ.

ನೀಲವ್ವ ಕೂಡಲಿಲ್ಲ. ಬಟ್ಟಲಲ್ಲಿದ್ದ ಚಿಟಿಕೆ ಬೂದು ಮಣ್ಣನ್ನೇ ನೋಡಿದಳು.

"ಅಗಿಯೋರಿಗೆ ಹೇಳವಾ, ಯಂತ್ರ ಹಚ್ಚಬ್ಯಾಡ್ರಿ ಅಂತ. ಕೈಲೆ ತಗೀಲಿ," ಎನ್ನುತ್ತ ಅವಳು ಗೋಡೆಗೆ ತೂಗುಹಾಕಿದ್ದ, ಹೊರಗೆ ಹೋಗುವಾಗ ತೊಡುವ ಉಡುಪಿಗೆ ಕೈ ಹಾಕಿದಳು. "ನಾನೂ ಬರ್ತೀನಿ."