ಬೆಳ್ಳಿ ಸ್ಟಿಕ್ಕರ್

ಎಲೆಕ್ಟ್ರಿಕ್ ಕಾರಿನ ಮುಂದೆ ಮಂಡಿಯೂರಿದ್ದ ಮೆಕ್ಯಾನಿಕ್‌ನ ಉಗುರು ಬಂಪರಿನ ಬೆಳ್ಳಿ ಸ್ಟಿಕ್ಕರಿನ ಅಂಚಿನಲ್ಲೇ ನಿಂತುಬಿಟ್ಟಿತು. ಮುಂದಿನ ಗಾಡಿ ಎಷ್ಟು ದೂರವಿದೆಯೆಂದು, ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್‌ಗೆ ತಿಳಿಸುವ ರೇಡಾರ್ ಸರಿಯಾಗಿ ಅದರ ಹಿಂದೆಯೇ ಇತ್ತು. ರೇಡಾರಿನ ಅಲೆಗಳು ದಾಟಲಾಗದ ಲೋಹದ ತೆಳು ಹಾಳೆಯ ಆ ಸ್ಟಿಕ್ಕರಿನ ಮೇಲೆ ಅವನದೇ ವರ್ಕ್‌ಶಾಪಿನ ಹೆಸರು. ಸರ್ವಿಸ್ ಮಾಡಿದ ದಿನ ತಾನೇ ಅಂಟಿಸಿ, ಅಂಗೈಯಿಂದ ತೀಡಿದ್ದ.

ಆ ಸರ್ವಿಸ್ ಆದಮೇಲೆ, ಕ್ರೂಸ್ ತಾನಾಗೇ ಆಫ್ ಆಗುತ್ತದೆಂದು ಕಾರಿನ ಒಡತಿ ವ್ಯಾನಮ್ಮ ಎರಡು ಸಲ ಬಂದಿದ್ದರು. ಮೂವತ್ತು ವರ್ಷ ಶಾಲೆಯ ವ್ಯಾನ್ ಓಡಿಸಿ ಆ ಹೆಸರು ಪಡೆದ ಹೆಂಗಸು. ಎರಡು ಸಲವೂ ಅವನು ಬಾನೆಟ್ ಕೂಡ ಎತ್ತದೆ, "ಗೊತ್ತಿಲ್ದೇ ಬ್ರೇಕ್ ಮೇಲೆ ಕಾಲಿಡ್ತಿದೀರಮ್ಮಾ, ವಯಸ್ಸಾಯ್ತು ನೋಡಿ" ಎಂದು ಎಲ್ಲರೆದುರು ನಕ್ಕು ಸಾಗಹಾಕಿದ್ದ. ಇವತ್ತು ಅವರು ಕಾರನ್ನು ಅವನಿಗೇ ಮಾರಲೆಂದು ಬಂದಾಗಲೇ ಅವನು ಮೊದಲ ಸಲ ನೆಟ್ಟಗೆ ನೋಡಿದ್ದು.

ಸ್ಟಿಕ್ಕರ್ ಕಿತ್ತು, ಕಾರಿನೊಳಗೆ ಬಗ್ಗಿ ನೋಡಿದ. ಡ್ಯಾಶ್‌ಬೋರ್ಡಿನಲ್ಲಿ ಅಲ್ಲಿಯವರೆಗೆ ಉರಿಯುತ್ತಿದ್ದ ಕ್ರೂಸ್‌ನ ಎಚ್ಚರಿಕೆಯ ಹಳದಿ ದೀಪ ಆರಿತ್ತು.

"ಸಾಕು ಬಿಡಪ್ಪಾ, ಇನ್ನೇನು ಹುಡುಕ್ತೀಯ?" ಎಂದರು ವ್ಯಾನಮ್ಮ. "ನೀನು ಹೇಳಿದ್ದೇ ಸರಿ. ನನ್ನ ಕಾಲನ್ನ ನಾನೇ ನಂಬೋ ಹಾಗಿಲ್ಲ. ತಗೋ, ಇದು ಎರಡನೇ ಕೀ."

ಅವನು ಬೆನ್ನ ಹಿಂದೆ ಕೈ ಕೊಡವಿದ. ಸ್ಟಿಕ್ಕರ್ ಅಂಗೈ ಬಿಡಲಿಲ್ಲ. ಕೀ ಹಿಡಿದು ಚಾಚಿದ ವ್ಯಾನಮ್ಮನ ಕೈ ಕಾಯುತ್ತಲೇ ಇತ್ತು. ತಲೆ ತಗ್ಗಿಸಿ, ಸ್ಟಿಕ್ಕರ್ ಅಂಟಿದ್ದ ತನ್ನ ಕೈಯನ್ನು ಮುಂದೆ ಮಾಡಿದ.

"ತಪ್ಪು ನಿಮ್ಮ ಕಾಲಿನದ್ದಲ್ಲಮ್ಮಾ," ಎಂದ. "ಈ ಕೈಯದ್ದು."